ಐದು ನಿಮಿಷದ ಅರವತ್ತು ಮೈಲಿ

1 ಸೆಪ್ಟೆಂಬರ್ 2023, ಶುಕ್ರವಾರ

ನನ್ನ ಎಲ್ ಸೆಗುಂಡೋ ಆಫೀಸಿನಿಂದ ಸ್ಯಾನ್ ಕ್ಲೆಮೆಂಟೆಗೆ ಅರವತ್ತೆರಡು ಮೈಲಿ. ಸ್ಯಾನ್ ಡಿಯಾಗೋದಿಂದ ವೈಷ್ಣವಿಗೆ ಅರವತ್ತು. ಡಿವೋರ್ಸ್ ಆದಾಗ ಲಾಯರ್ ಮ್ಯಾಪಿನಲ್ಲಿ ಹುಡುಕಿದ ನಡುಜಾಗ — ಒಂದು ದಿನಸಿ ಅಂಗಡಿಯ ಪಾರ್ಕಿಂಗ್ ಲಾಟ್. ಎರಡು ವಾರಕ್ಕೊಮ್ಮೆ, ಶುಕ್ರವಾರ ಸಂಜೆ ಆರಕ್ಕೆ, ಸಿಂಧೂರಳನ್ನು ಅಲ್ಲಿಗೆ ಕರೆತರುತ್ತಾಳೆ. ಭಾನುವಾರ ಅಲ್ಲೇ ವಾಪಸ್. ಮಗಳೋ, ಪಾರ್ಸೆಲ್ಲೋ... ಥೂ.

ಇವತ್ತು ನಾನು ಮುಕ್ಕಾಲು ಗಂಟೆ ಲೇಟ್. ಟ್ರಾಫಿಕ್.

3 ಸೆಪ್ಟೆಂಬರ್

ಸಿಂಧೂರಳಿಗೆ ಹತ್ತು ತುಂಬಿತು. ಫೋನ್ ಕೊಡಿಸಿದೆ. ಅವಳ ಲೊಕೇಶನ್ ನನಗೆ ಕಾಣುವ ಹಾಗೆ ಮಾಡಿಕೊಂಡೆ. ಮ್ಯಾಪಿನಲ್ಲಿ ನೀಲಿ ಚುಕ್ಕಿ. ನನ್ನದು ಅವಳಿಗೆ ಕಾಣುವ ಹಾಗೆ ಮಾಡಲಿಲ್ಲ. ಸಿಕ್ಕಿಬೀಳುತ್ತೇನೆ.

15 ಸೆಪ್ಟೆಂಬರ್

ಮೀಟಿಂಗ್ ಮುಗಿಯಲೇ ಇಲ್ಲ. ಲಾಂಗ್ ಬೀಚ್ ಹತ್ತಿರ ಇದ್ದಾಗ ಮಗಳ ಫೋನ್. "ಬಂದೆ ಪುಟ್ಟಾ, ಐದೇ ನಿಮಿಷ" ಅಂದೆ. ತಲುಪಿದ್ದು ಒಂದು ಗಂಟೆ ಹತ್ತು ನಿಮಿಷದ ನಂತರ.

ಅಂಗಡಿಯ ಶಾಪಿಂಗ್ ಕಾರ್ಟ್ ನಿಲ್ಲಿಸುವ ಜಾಗದ ಪಕ್ಕ ನಿಂತಿದ್ದಳು. ತೆಳು ಟಿ-ಶರ್ಟ್, ಬೆನ್ನಿಗೆ ಬ್ಯಾಗ್. ಫೋನ್ ಇಟ್ಟಾಗಿನಿಂದ ಅಲ್ಲೇ ಅಂತೆ. ಅಪ್ಪ ಬಂದೇಬಿಟ್ಟರಲ್ಲ ಎಂದು ಅಮ್ಮನ ಕಾರಿನೊಳಗೆ ಕೂರಲಿಲ್ಲವಂತೆ. ವೈಷ್ಣವಿ ಜಗಳವಾಡಲಿಲ್ಲ.

"ನೀನು ಐದು ನಿಮಿಷ ಅಂದ್ರೆ ಎಷ್ಟು ಅಂತ ನಂಗೆ ಗೊತ್ತು. ಅವಳು ಇಲ್ಲಿ ಹುಟ್ಟಿದವಳು ಕಣೋ. ಗಡಿಯಾರ ನೋಡ್ತಾಳೆ."

ಜಯನಗರದಲ್ಲಿ ಬಾತ್‌ರೂಮಿನಿಂದಲೇ 'ಸಿಗ್ನಲ್‌ನಲ್ಲಿದ್ದೀನಿ' ಅನ್ನುತ್ತಿದ್ದೆವು. ಕಾಯಬೇಕಾದವನೂ ಆಗಷ್ಟೇ ಶರ್ಟ್ ಹುಡುಕುತ್ತಿರುತ್ತಿದ್ದ. ಯಾರಿಗೂ ಮೋಸ ಆಗುತ್ತಿರಲಿಲ್ಲ. ಇಲ್ಲಿ ಆಯಿತು. ನಾಚಿಕೆಯಾಗುತ್ತಿದೆ.

17 ಸೆಪ್ಟೆಂಬರ್

ಎರಡು ದಿನ ಎಲ್ಲದಕ್ಕೂ "ಓಕೆ" ಅಂದಳು. ಅಷ್ಟೇ.

29 ಸೆಪ್ಟೆಂಬರ್

ಫ್ರೆಂಡ್ ಮನೆ ಪಾರ್ಟಿಯಂತೆ. ಬರಲಿಲ್ಲ.

14 ಅಕ್ಟೋಬರ್

ನಿನ್ನೆಯೂ ಇಲ್ಲ. ವೈಷ್ಣವಿ ಫೋನ್ ಮಾಡಿದ್ದಳು. 27ಕ್ಕೆ ಹೇಗಾದರೂ ಕರೆತರುತ್ತಾಳೆ. ಅದೂ ತಪ್ಪಿದರೆ, ಮುಂದೆ ಬರುವುದು ಬಿಡುವುದು ಸಿಂಧೂರಳ ಇಷ್ಟಕ್ಕೆ ಬಿಡೋಣ ಅಂದಳು. ಸರಿ ಅಂದೆ. ಭಯವಾಗುತ್ತಿದೆ.

27 ಅಕ್ಟೋಬರ್, ಸಂಜೆ 4:40

ಅರ್ಧ ದಿನ ರಜೆ ಹಾಕಿ ಬಂದೆ. ಪಾರ್ಕಿಂಗ್ ಲಾಟ್. ಹಿಂದಿನ ಸೀಟಿನಲ್ಲಿ ಅವಳಿಗೊಂದು ಜಾಕೆಟ್. ಅಳತೆ ಅಂದಾಜಿನ ಮೇಲೆ.

6:05

ಅವಳ ಮೆಸೇಜ್. "ಆಲ್‌ಮೋಸ್ಟ್ ದೇರ್, ಅಪ್ಪಾ. ಫೈವ್ ಮಿನಿಟ್ಸ್."

ಕಾರಿನಿಂದ ಇಳಿದೆ.

6:25

ಚುಕ್ಕಿ ನೋಡಬಾರದು ಅಂದುಕೊಂಡಿದ್ದೆ. ನೋಡಿದೆ. ಸ್ಯಾನ್ ಡಿಯಾಗೋ. ಅವರ ಮನೆ. ಕದಲಿಲ್ಲ.

ವೈಷ್ಣವಿಗೆ ಫೋನ್ ಮಾಡಿದೆ. ನಾಲ್ಕೂವರೆಯಿಂದ ಕರೆಯುತ್ತಿದ್ದಾಳಂತೆ, ಮಗಳು ರೂಮಿನ ಬಾಗಿಲೇ ತೆಗೆಯುತ್ತಿಲ್ಲವಂತೆ. ಮೆಸೇಜಿನ ವಿಷಯ ವೈಷ್ಣವಿಗೆ ಹೇಳಲಿಲ್ಲ. ಮಗಳಿಗೆ ಬರೆದೆ — "ಸರಿ ಪುಟ್ಟಾ. ಕಾಯ್ತಿರ್ತೀನಿ." ಓದಿದಳು.

7:10

6:05ಕ್ಕೆ ಇಳಿದಾಗಿನಿಂದ ಕಾರ್ಟ್ ನಿಲ್ಲಿಸುವ ಜಾಗದ ಪಕ್ಕ ನಿಂತಿದ್ದೇನೆ. ಜಾಕೆಟ್ ಕೈಯಲ್ಲಿದೆ. ಚಳಿ ಇಷ್ಟು ಅಂತ ಗೊತ್ತಿರಲಿಲ್ಲ. ಅವಳು ಅವತ್ತು ನಿಂತಷ್ಟಾದರೂ ನಿಲ್ಲಬೇಕು. ಒಂದು ಗಂಟೆ ಹತ್ತು ನಿಮಿಷ. ಇನ್ನು ಐದೇ ನಿಮಿಷ.