ಅತ್ತೆಯ ಹಿಂದಿನ ಸೀಟು

ಮಾರ್ಚ್ 3, ಬೆಳಿಗ್ಗೆ

ಮತ್ತೆ ಎಣ್ಣೆ ಸೋರಿದೆ. ಮತ್ತೆ ಅದೇ ಪೈಪು. ಈ ವಿಮಾನಕ್ಕೆ ಹ್ಯಾಂಗರಿನಲ್ಲಿ ಅತ್ತೆ ಎಂದೇ ಹೆಸರು. ಗೊಣಗದೆ ಏಳುವುದಿಲ್ಲ, ಎದ್ದ ಮೇಲೆ ಕೆಲಸವೆಲ್ಲ ಅವಳದೇ. ಯುದ್ಧ ಶುರುವಾದಾಗ ಹೊಸದಾಗಿ ಬಂದಳು. ಮೊದಲು ಬಾಂಬು ಹೊತ್ತಳು, ಆಮೇಲೆ ಹಿಂದಿನ ಸೀಟಿನಲ್ಲಿ ಒಬ್ಬೊಬ್ಬರಂತೆ ಗಾಯಾಳುಗಳನ್ನು, ಈಗ ಮತ್ತೆ ಬಾಂಬು. ನೋಡಿಕೊಳ್ಳುವ ಮೆಕ್ಯಾನಿಕ್ ನಾನು. ಹಾರಿಸುವವನು ತಂಗಿಯ ಗಂಡ. ಅವನಿಗೆ ನಾನು ಭಾವ, ನನಗೆ ಅವನು ಭಾವ; ಇಬ್ಬರೂ ಹಾಗೇ ಕರೆಯುವುದು.

“ಮನೇಲಿ ನಿಮ್ಮ ತಂಗಿ ಗೊಣಗ್ತಾಳೆ, ಇಲ್ಲಿ ಇವಳು. ನಾನೆಲ್ಲಿಗೆ ಹೋಗ್ಲಿ ಭಾವ?” ಎಂದ. ಸ್ಪ್ಯಾನರ್ ತೋರಿಸಿದೆ.

ಮಾರ್ಚ್ 11

ಜರಡಿಯಾಗಿ ಬಂದಳು. ಮೈತುಂಬ ಗುಂಡಿನ ತೂತು. ಭಾವನ ಕಿವಿಯ ತುದಿ ಸೀಳಿದೆ. ತೇಪೆ ಹಾಕಿ ಹಾಕಿ ಬೆರಳು ಮರಗಟ್ಟಿದವು.

ನಮ್ಮ ಹ್ಯಾಂಗರಿನದೊಂದು ಕಟ್ಟಳೆ — ರಿಪೇರಿಯಾದ ಮೇಲೆ ‘ಸರಿಯಿದೆ’ ಎಂದವನೇ ಮೊದಲ ಹಾರಾಟದಲ್ಲಿ ಹಿಂದಿನ ಸೀಟಿನಲ್ಲಿ ಕೂರಬೇಕು. ಹಾಗಾಗಿ ಇಲ್ಲಿ ಯಾರೂ ಬೇಕಾಬಿಟ್ಟಿ ಕೆಲಸ ಮಾಡುವುದಿಲ್ಲ. ಕೂತೆ. ವಾಂತಿಯಾಯಿತು. ಭಾವ ಇಡೀ ದಿನ ನಕ್ಕ.

ಮಾರ್ಚ್ 29

ಇಷ್ಟು ದಿನ ಪೆನ್ನು ಹಿಡಿಯಲಾಗಲಿಲ್ಲ. ಇವತ್ತು ಚಕ್ರ ಬಿಚ್ಚಿಕೊಳ್ಳದೆ ಹೊಟ್ಟೆಯ ಮೇಲೆ ಇಳಿದಳು. ಭಾವ ನಗುತ್ತಲೇ ಹೊರಬಂದ, ಆಮೇಲೆ ರನ್‌ವೇ ಮೇಲೇ ಕೂತುಬಿಟ್ಟ.

ಬಲರೆಕ್ಕೆಯ ಬುಡದಲ್ಲಿ ಬಿರುಕು. ಕೂದಲೆಳೆಯಷ್ಟು. ಆ ಜಾಗಕ್ಕೆ ಅಷ್ಟು ಸಾಕು, ರೆಕ್ಕೆ ಕಿತ್ತು ಹೋಗಲು. ಹೊಸ ರೆಕ್ಕೆ ಬರುವವರೆಗೆ ಹಾರಬಾರದು ಎಂದೆ.

ಆಫೀಸರ್ ಬಂದ. ನಾವು ಅವನಿಗೆ ಇಸ್ತ್ರಿ ಎನ್ನುತ್ತೇವೆ — ಊರೇ ಉರಿದರೂ ಅವನ ಷರ್ಟು ಸುಕ್ಕಾಗದು. ಬಗ್ಗಿ ನೋಡಲೂ ಇಲ್ಲ.

“ಬಣ್ಣ ಹೊಡೀರಿ. ಕಾಣಲ್ಲ.”

ಏಪ್ರಿಲ್ 4, ಸಂಜೆ

ನಾಳೆ ರಾಜಧಾನಿಯಿಂದ ಯಾರೋ ದೊಡ್ಡವರು ಬರುತ್ತಾರಂತೆ. ಅವರ ತಲೆಯ ಮೇಲೆ ಆರು ವಿಮಾನ ಸಾಲಾಗಿ ಹಾರಬೇಕಂತೆ. ಹಾರುವಂಥವು ಐದೇ. ಅತ್ತೆಯ ಚಕ್ರ, ಹೊಟ್ಟೆ ಸರಿಮಾಡಿದ್ದೇನೆ, ಹೊಸ ರೆಕ್ಕೆ ಇನ್ನೂ ಬಂದಿಲ್ಲ.

“ಅದನ್ನೂ ಸೇರಿಸಿ. ಸರಿಯಿದೆ,” ಎಂದ ಇಸ್ತ್ರಿ.

“ಯುದ್ಧಕ್ಕಾದ್ರೆ ಒಂದು ಮಾತು ಸಾರ್. ಇದು ಬರೀ ಮೆರವಣಿಗೆ.”

“ನಿಮ್ಮನ್ನ ಯಾರೂ ಕೇಳ್ಲಿಲ್ಲ.”

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಜನ!

“ಒಂದು ಸುತ್ತು ತಾನೆ ಭಾವ. ಹೂವಿನ ಹಾಗೆ ಎತ್ತಿ ಇಳಿಸ್ತೀನಿ,” ಎಂದ ಭಾವ. ಅವನಿಗೂ ಬಾಯಿಗೆ ಬಂದಂತೆ ಬೈದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಹೆಚ್ಚುಕಮ್ಮಿಯಾದರೆ ತಂಗಿಗೆ ಯಾವ ಮುಖ ತೋರಿಸಲಿ?

ಒಂದು ದಾರಿಯಿದೆ. ‘ಸರಿಯಿದೆ’ ಎಂದವನು ಇಸ್ತ್ರಿ. ನಾಳೆ ಎಲ್ಲರೆದುರು ಅವನಿಗೆ ಹಿಂದಿನ ಸೀಟು ತೋರಿಸುತ್ತೇನೆ. ತನ್ನ ಪ್ರಾಣ ಎಂದರೆ ತಾನೇ ನಿಲ್ಲಿಸುತ್ತಾನೆ.

ಏಪ್ರಿಲ್ 5, ಬೆಳಿಗ್ಗೆ

ಹೆಲ್ಮೆಟ್ ಚಾಚಿದೆ. “ಸರಿಯಿದೆ ಅಂದೋರು ನೀವು ಸಾರ್. ಹಿಂದಿನ ಸೀಟು ನಿಮ್ದು.”

ಏನಿದು ಎಂದು ದೊಡ್ಡವರು ಕೇಳಿದರು. ಕಟ್ಟಳೆ ಹೇಳಿದೆ. ಚಪ್ಪಾಳೆ ತಟ್ಟಿಬಿಟ್ಟರು! “ಭೇಷ್! ಆಫೀಸರ್ ಅಂದ್ರೆ ಹೀಗಿರ್ಬೇಕು.”

ಇಸ್ತ್ರಿಯ ಮುಖ ಬಿಳಿಚಿತು. ಈಗ ಬೇಡ ಎನ್ನುತ್ತಾನೆ, ಈಗ ಎನ್ನುತ್ತಾನೆ… ಹೆಲ್ಮೆಟ್ ಹಾಕಿಕೊಂಡ. ಏಣಿ ಹತ್ತಿದ. ಮರ್ಯಾದೆ ಹೋಗುವುದಕ್ಕಿಂತ ಪ್ರಾಣ ಹೋದರೂ ಸರಿ ಅವನಿಗೆ, ಮುಠ್ಠಾಳ!

ದೊಡ್ಡವರ ಬಳಿ ಓಡಿದೆ. ರೆಕ್ಕೆಯಲ್ಲಿ ಬಿರುಕಿದೆ, ನಿಲ್ಲಿಸಿ ಎಂದೆ. ನಕ್ಕರು.

“ನಿಮ್ಮ ಆಫೀಸರೇ ಕೂತಿದಾರಲ್ಲಪ್ಪ. ಇನ್ನೇನು ಭಯ?”

ಅದೇ ಬೆಳಿಗ್ಗೆ, ಹ್ಯಾಂಗರ್ ಬಾಗಿಲಲ್ಲಿ

ಆರೂ ಗುಡ್ಡದಾಚೆ ಹೋದವು. ಸುತ್ತು ಹಾಕಿ ಬರಬೇಕು. ಬರೆಯುತ್ತ ಕೂತಿದ್ದೇನೆ, ಇಲ್ಲದಿದ್ದರೆ ಯಾರಿಗಾದರೂ ಹೊಡೆದುಬಿಡುತ್ತೇನೆ. ಹೊರಡುವಾಗ ಭಾವ ಕೈಬೀಸಿದ. ಸಿಟ್ಟಿತ್ತು, ನಾನು ಬೀಸಲಿಲ್ಲ.

ಶಬ್ದ ಬರುತ್ತಿದೆ. ಎಲ್ಲ ಒಟ್ಟಿಗೆ. ಬಿಸಿಲು ಕಣ್ಣಿಗೇ ಹೊಡೆಯುತ್ತಿದೆ, ಎಷ್ಟಿವೆಯೋ ಕಾಣುತ್ತಿಲ್ಲ. ಕಣ್ಣು ಬೇಡ. ಸಾವಿರ ಎಂಜಿನ್ ಇದ್ದರೂ ಅವಳ ಗೊಣಗಾಟ ಗುರುತು ಹಿಡಿಯುತ್ತೇನೆ. ಇದಲ್ಲ… ಇದೂ ಅಲ್ಲ… ಗೊಣಗು ತಾಯಿ, ಒಂದು ಸಲ ಗೊಣಗು —