ಬಾಣಂತಿ ಕೋಣೆಯ ಹೊಗೆ

ಕಂಪ್ಲಿ
೧೨ ನವೆಂಬರ್ ೨೦೨೪

ಮಗಳೇ ಗಂಗಾಂಬಿಕಾ,

ನಿನಗೂ ಹೊಟ್ಟೆಯೊಳಗಿನ ಕೂಸಿಗೂ ಅವ್ವನ ಆಶೀರ್ವಾದ. ಫೋನಿನಲ್ಲಿ ಮಾತಾಡಿದರೆ ನಿನ್ನ ಅಪ್ಪಾಜಿಗೆ ಕೇಳಿಸುತ್ತದೆ. ಅದಕ್ಕೇ ಈ ಕಾಗದ. ನಮ್ಮ ಮಿಲ್ಲಿನ ಜಂಬುನಾಥ ದೋಣಿಮಲೈಗೆ ಬರುತ್ತಿದ್ದಾನೆ, ಅವನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.

ಸೀಮಂತದ ಕುಬಸ ಮುಗಿಸಿ ನಿನ್ನನ್ನು ಇಲ್ಲಿಗೆ ಕರೆತರಬೇಕು. ಚೊಚ್ಚಲ ಹೆರಿಗೆ ತವರಿನಲ್ಲೇ. ನಮ್ಮ ಮನೆತನದಲ್ಲಿ ಅದು ತಪ್ಪಿದ್ದಿಲ್ಲ. ಆದರೆ ಈಗ ಕರೆಯಲೋ ಬೇಡವೋ ತಿಳಿಯದೆ ತಲೆ ಕೆಟ್ಟಿದೆ.

ದಸರೆಯ ಹೊತ್ತಿಗೆ ಅಪ್ಪಾಜಿ ಹೊಸಪೇಟೆ ಬಸ್ ನಿಲ್ದಾಣದಲ್ಲಿ ಸಿಗರೇಟು ಸೇದುತ್ತಾ ಸಿಕ್ಕಿಬಿದ್ದರು. ದಂಡ ಹಾಕಲು ಬಂದ ಅಧಿಕಾರಿಗೆ ಇವರೇ ಕಾನೂನು ಹೇಳಿಕೊಟ್ಟರಂತೆ: ನಿಲ್ದಾಣದಲ್ಲಿ ಸೇದಬಾರದು, ಶಾಲೆಯ ಹತ್ತಿರ ಮಾರಬಾರದು, ಹದಿನೆಂಟು ತುಂಬದವರಿಗೆ ಕೊಡಬಾರದು. ಬಾಯಿ ಕ್ಯಾನ್ಸರು, ಹೃದಯದ ಕಾಯಿಲೆ, ಅದನ್ನೂ ಬಿಡಲಿಲ್ಲ. "ಇಷ್ಟೆಲ್ಲಾ ಗೊತ್ತಿದ್ದೂ ಸೇದ್ತೀರಲ್ರೀ ಯಜಮಾನ್ರೇ" ಅಂತ ಆತ ಕೇಳಿದರೆ, "ಗೊತ್ತಿರೋದು ಬ್ಯಾರೆ, ಬಿಡೋದು ಬ್ಯಾರೆ ತಮ್ಮಾ" ಅಂದರಂತೆ. ನಿಂತವರೆಲ್ಲ ನಕ್ಕರಂತೆ. ರೈಸ್ ಮಿಲ್ಲಿನ ಯಜಮಾನರ ಹೆಸರಿಗೆ ದಂಡದ ಚೀಟಿ!

ನನಗೆ ಮೈಯೆಲ್ಲ ಉರಿಯಿತು. ಇನ್ನು ಬೀದಿಯಲ್ಲಿ ಸೇದಿ ಮಾನ ಕಳೆಯಬೇಡಿ, ಸೇದುವುದಿದ್ದರೆ ಮನೆಯೊಳಗೆ ಸೇದಿ ಎಂದು ಕಟ್ಟಪ್ಪಣೆ ಮಾಡಿದೆ. ಸ್ವಂತ ಮನೆಯೊಳಗೆ ದಂಡ ಹಾಕುವವರು ಯಾರು? ಅವರೂ ಮರುಮಾತಿಲ್ಲದೆ ಒಪ್ಪಿದರು. ನಡುಮನೆಯ ಪಕ್ಕದ ಕೋಣೆಯಲ್ಲಿ ಕೂತು ಸೇದುತ್ತಾರೆ. ನೆರೆಯವರಿಗೆ ಕಾಣಬಾರದೆಂದು ಕಿಟಕಿ ಮುಚ್ಚಿಸಿದವಳೂ ನಾನೇ.

ಮೊನ್ನೆ ಆಶಾ ಕಾರ್ಯಕರ್ತೆ ದುರ್ಗಕ್ಕ ಮನೆಗೆ ಬಂದಿದ್ದಳು. ಬಾಣಂತಿಗೆ ಇದೇ ಕೋಣೆ ಎಂದು ತೋರಿಸಿದೆ. ಹೊಸ್ತಿಲು ದಾಟಲೇ ಇಲ್ಲ ಅವಳು. "ಅಮ್ಮಾರ, ಗ್ವಾಡಿ ಸೈತ ನಾರ್ತಾವು. ಇಲ್ಲಿ ಕೂಸು ಮಲಗಿಸ್ತೀರೇನ್ರೀ? ಹೊಗಿ ಸೇದಿದವರಿಗಷ್ಟ ಅಲ್ಲ, ಪಕ್ಕದಾಗಿರೋರ ಎದಿಗೂ ಹೋಗ್ತೈತಿ" ಅಂದಳು.

ಹೊರಗೆ ಸೇದಿದರೆ ಸರ್ಕಾರ ಹಿಡಿಯುತ್ತದೆ, ಒಳಗೆ ಸೇದಿದರೆ ಕೂಸಿಗೆ ಕೇಡು. ಹಾಗಾದರೆ ಆ ಮನುಷ್ಯ ಎಲ್ಲಿ ಸೇದಬೇಕು? ಹಿತ್ತಲಿಗೆ ಹೋಗಿ ಅಂದೆ; ಬೆಳಿಗ್ಗೆ ಹೋದರು, ಸಂಜೆ ಮತ್ತೆ ಕೋಣೆಯೊಳಗೆ. ಬಿಟ್ಟೇಬಿಡಿ ಅಂದೆ, "ಮೊಮ್ಮಗು ಮನಿಗೆ ಬರ್ಲಿ, ಬಿಡ್ತೀನಿ" ಅಂತಾರೆ. ಇವರು ಬಿಟ್ಟರೆ ಕೂಸು ಬರಬೇಕು, ಕೂಸು ಬಂದರೆ ಇವರು ಬಿಡಬೇಕು. ಯಾವುದು ಮೊದಲು? ಈ ಮನೆಯಲ್ಲಿ ನನ್ನ ಮಾತು ಎಂದೂ ನೆಲಕ್ಕೆ ಬಿದ್ದಿದ್ದಿಲ್ಲ, ಈಗ ಯಾವ ಮಾತು ಆಡಬೇಕೋ ಅದೇ ತೋಚುತ್ತಿಲ್ಲ.

ನೀನೇ ಹೇಳು ಮಗಳೇ, ಬರುತ್ತೀಯಾ?

ನಿನ್ನ ಅವ್ವ
ಮರುಳಸಿದ್ದಮ್ಮ

ಮತ್ತೆ ಬರೆದದ್ದು: ಕಾಗದ ಮಡಿಚಿದವಳು ಮತ್ತೆ ಬಿಚ್ಚಿದೆ. ದುರ್ಗಕ್ಕ ಬಂದದ್ದು ನಿನ್ನ ಸಲುವಾಗಿ ಅಲ್ಲ, ನನ್ನ ಕೆಮ್ಮಿನ ಸಲುವಾಗಿ. ಅವಳೇ ಡಾಕ್ಟರ ಹತ್ತಿರ ಕರೆದೊಯ್ದಳು. ಅವರು ಎದೆ ಪರೀಕ್ಷೆ ಮಾಡಿ, "ದಿನಕ್ಕ ಎಷ್ಟು ಬೀಡಿ ಸೇದ್ತೀರಮ್ಮಾ?" ಅಂದರು. ಬೀಡಿ ಕೈಯಲ್ಲೂ ಮುಟ್ಟದ ನನಗೆ! ಎದ್ದು ಬಂದೆ. ನೀನು ಬರಬೇಡ. ಅಳಿಯನ ಮನೆಯಲ್ಲಿ ಒಂದು ದಿನವೂ ಉಳಿಯದ ನಾನೇ ಅಲ್ಲಿಗೆ ಬಂದು ಬಾಣಂತನ ಮಾಡುತ್ತೇನೆ. ನಿನ್ನ ಅತ್ತೆಗೆ, ತವರಲ್ಲಿ ಮನೆ ರಿಪೇರಿ ನಡೆದಿದೆ ಎಂದಷ್ಟೇ ಹೇಳು.