ರುದ್ರಾಣಿಗೆ ಹಿಂದಿನ ಸೀಟು

ಮೈಸೂರು,
ಆಸ್ಪತ್ರೆಯ ಎರಡನೇ ಮಹಡಿಯ ಬೆಂಚು,
14 ನವೆಂಬರ್ 2002, ಗುರುವಾರ

ಪ್ರೀತಿಯ ಬಸವೇಶನಿಗೆ,

ನಿನ್ನ ಭಾವನ ಆಶೀರ್ವಾದ. ನಯನಳಿಗೂ ಹೆಣ್ಣುಮಕ್ಕಳಿಬ್ಬರಿಗೂ ಸಮನಾಗಿ ಹಂಚಿ, ಮಿಕ್ಕಿದ್ದನ್ನು ನೀನಿಟ್ಟುಕೋ.

ನಿನ್ನ ಕಾಗದ ಮಹಾಲಯ ಅಮಾವಾಸ್ಯೆಯ ಹಿಂದುಮುಂದು ಬಂತು. ದೀಪಾವಳಿ ಕಳೆದು, ಪಟಾಕಿಯ ಕಸವನ್ನೂ ಗುಡಿಸಿ ಹಾಕಿದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಕ್ಷಮಿಸು. ದಿನಕ್ಕೆ ಮೂರು ತರಗತಿ ಬಾಯಿ ಬಡಿದುಕೊಳ್ಳುವ ಇತಿಹಾಸದ ಮೇಷ್ಟ್ರಿಗೆ ನಾಲ್ಕು ಸಾಲು ಬರೆಯಲು ನಲವತ್ತು ದಿನ ಹಿಡಿಯಿತೆಂದರೆ ಅದು ಸೋಮಾರಿತನವೆಂದೇ ನೀನು ನಂಬಬೇಕು ಎಂದು ನನ್ನಾಸೆ. ಫೋನ್ ಮಾಡಬಹುದಿತ್ತು. ಮಾಡಿದರೆ ನಯನ ಎತ್ತಿ, ‘ಅವ್ರು ಗದ್ದೆ ತಾವ ಓಗವ್ರೆ ಅಣ್ಣ’ ಅನ್ನುತ್ತಾಳೆ. ಒಂಬತ್ತು ತಿಂಗಳಿಂದ ನೀನು ಗದ್ದೆಯಲ್ಲೇ ಇದ್ದೀಯ. ಅಷ್ಟು ಹೊತ್ತು ನಿಂತರೆ ಬೆದರುಬೊಂಬೆಗೂ ಕಾಲು ನೋಯುತ್ತದೆ ಕಣಯ್ಯ.

ನಿನ್ನಕ್ಕ ಒಳಗಿದ್ದಾಳೆ. ಮಂಗಳ, ಗುರು, ಶನಿ, ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ ಯಂತ್ರಕ್ಕೆ ಕಟ್ಟಿಹಾಕಿ ಅವಳ ರಕ್ತ ತೊಳೆಯುತ್ತಾರೆ. ಯಾರಾದರೂ ಒಂದು ಕಿಡ್ನಿ ಕೊಟ್ಟರೆ ಇದು ನಿಲ್ಲುತ್ತದೆ. ಇಲ್ಲದಿದ್ದರೆ ಇದೇ, ಇರುವಷ್ಟು ದಿನ. ಇದೆಲ್ಲ ನಿನಗೆ ಗೊತ್ತಿಲ್ಲದ್ದಲ್ಲ. ನಿನ್ನದು ಹೊಂದುತ್ತದೆ ಎಂದು ಹೇಳಿದ್ದರು, ಫೆಬ್ರವರಿಯಲ್ಲಿ ಆಪರೇಷನ್ನಿಗೆ ದಿನವೂ ಗೊತ್ತಾಗಿತ್ತು, ನೀನು ಬರಲಿಲ್ಲ. ಅವತ್ತು ರುದ್ರಾಣಿ ಬಟ್ಟೆಯ ಚೀಲ ಮಡಿಲಲ್ಲಿಟ್ಟುಕೊಂಡು ಸಂಜೆ ಐದರವರೆಗೂ ಮೆಟ್ಟಿಲ ಕಡೆ ನೋಡುತ್ತ ಕೂತಿದ್ದಳು. ಈಗ ಕಾಗದದಲ್ಲಿ ಬರೆದಿದ್ದೀಯ, ನಂಜನಗೂಡು ಬಸ್ ಸ್ಟ್ಯಾಂಡಿನವರೆಗೆ ಬಂದಿದ್ದೆ, ಮೈಸೂರಿನ ಬಸ್ಸು ಹತ್ತಲು ಕಾಲೇಳಲಿಲ್ಲ ಎಂದು. ಅದನ್ನು ಅವಳಿಗೆ ಓದಿ ಹೇಳಿದೆ. ‘ಅಲ್ಲೀವರೆಗೂ ಬಂದಿದ್ನಾ’ ಅಂದಳು.

ಇರಲಿ. ಬರೆಯಲು ಹೊರಟಿದ್ದು ಸಂತೋಷದ ಸುದ್ದಿ. ನಿನ್ನ ಭಾವ ಕಾರು ಕೊಳ್ಳುತ್ತಿದ್ದಾನೆ. ಅದೂ ಡಬ್ಬಿಯಂಥದ್ದಲ್ಲ, ಹಿಂದೆ ಮೂತಿ, ಮುಂದೆ ಮೂತಿ ಎರಡೂ ಇರುವ, ನೋಡಿದವರು ‘ಮೇಷ್ಟ್ರಿಗೆ ಟ್ಯೂಷನ್ ಜೋರಾ’ ಎಂದು ಕೇಳುವಂಥ ಸೆಡಾನು. ಸೆಡವು ಜಾಸ್ತಿಯಿರುವವರಿಗೆ ಸೆಡಾನೇ ಸರಿ ಎಂದು ಸ್ಟಾಫ್ ರೂಮಿನಲ್ಲಿ ನಾನೇ ಮೊದಲು ಅಂದುಬಿಟ್ಟೆ, ಬೇರೆಯವರು ಅನ್ನುವ ಮುಂಚೆ.

ನಮ್ಮ ಓಡಾಟ ನಿನಗೆ ಗೊತ್ತಲ್ಲ. ನರಸೀಪುರದಿಂದ ಹೊರಟು ಬೆಳಿಗ್ಗೆ ಆರೂವರೆಗೆ ಅವಳನ್ನು ಇಲ್ಲಿ ಬಿಟ್ಟು, ನಾನು ನಂಜನಗೂಡಿನ ಕಾಲೇಜಿಗೆ ಹೋಗಿ, ಪಾಠ ಮುಗಿಸಿ, ಮತ್ತೆ ಇಲ್ಲಿಗೆ ಬಂದು ಅವಳನ್ನು ಕರೆದುಕೊಂಡು ಊರಿಗೆ. ಅಳೆದು ನೋಡಿದರೆ ಸರಿಯಾಗಿ ನೂರೆಂಟು ಕಿಲೋಮೀಟರು. ಜಪಕ್ಕೆ ಹೇಳಿ ಮಾಡಿಸಿದ ಲೆಕ್ಕ. ಇವತ್ತು ರಜೆ ಹಾಕಿದ್ದೇನೆ, ಅದಕ್ಕೇ ಬೆಂಚಿನ ಮೇಲಿದ್ದೇನೆ. ಇಲ್ಲಿಯವರೆಗೆ ಮಾದಯ್ಯನ ಬಾಡಿಗೆ ವ್ಯಾನಿನಲ್ಲೇ ಬಂದುಹೋಗುತ್ತಿದ್ದೇವೆ. ಅದರ ಹಿಂದಿನ ಸೀಟು ಹಲಗೆ. ಯಂತ್ರದಿಂದ ಇಳಿದವಳಿಗೆ ಮೈಯೆಲ್ಲ ಸೆಳೆತ, ಪ್ರತಿ ಹಳ್ಳಕ್ಕೂ ಒಂದು ನರಳಾಟ. ಬೇಸಿಗೆಯಲ್ಲಂತೂ ಬೇಡ. ಅವಳಿಗೆ ದಿನಕ್ಕೆ ಮೂರು ಲೋಟ ನೀರು, ಅದರಲ್ಲೇ ಕಾಫಿ, ಸಾರು ಎಲ್ಲ ಬಂತು. ಸುಡುವ ವ್ಯಾನಿನಲ್ಲಿ ಕೂತು ಕಪಿಲೆಯನ್ನೋ ಕಾವೇರಿಯನ್ನೋ ನೋಡಿದರೆ ಅವಳು ಮುಖ ಆಚೆಗೆ ತಿರುಗಿಸಿಕೊಳ್ಳುತ್ತಾಳೆ. ಎರಡು ನದಿ ಕೂಡುವ ಊರಿನಲ್ಲಿ ಮನೆ ಮಾಡಿಕೊಂಡು ನೀರು ಅಳೆದು ಕುಡಿಯುವವಳು ಅವಳೊಬ್ಬಳೇ ಇರಬೇಕು. ಆದ್ದರಿಂದ ಏಸಿ ಇರುವ ಗಾಡಿ. ಷೋಕಿಗಲ್ಲ.

ಮೆಕ್ಯಾನಿಕ್ ನಿಂಗರಾಜುವನ್ನು ಜೊತೆಗಿಟ್ಟುಕೊಂಡು ಮೂರು ಗಾಡಿ ನೋಡಿದೆ. ಅವನು ಬಾನೆಟ್ಟಿನೊಳಗೆ ತಲೆಹಾಕಿದರೆ ನಾನು ಹಿಂದಿನ ಬಾಗಿಲು ತೆಗೆಯುತ್ತಿದ್ದೆ. ನಮಗೆ ಇಂಜಿನ್ನಿಗಿಂತ ಹಿಂದಿನ ಸೀಟು ಮುಖ್ಯ. ರುದ್ರಾಣಿಯ ಎಡಗೈಯಲ್ಲಿ, ಸೂಜಿ ಚುಚ್ಚಲೆಂದು, ಎರಡು ರಕ್ತನಾಳ ಕೂಡಿಸಿ ಹೊಲಿದಿದ್ದಾರೆ. ಕಿವಿಯಿಟ್ಟರೆ ಜೇನುಗೂಡಿನಂತೆ ಗುಂಯ್ ಅನ್ನುತ್ತದೆ. ಅದರ ಮೇಲೆ ಭಾರ ಬೀಳಬಾರದು. ತಲೆ ಎಡಗಡೆಯ ಬಾಗಿಲಿಗೆ ಹಾಕಿ ಅಂಗಾತ ಮಲಗಿದರೆ ಕೈ ಮುಂದಕ್ಕೆ ಬಿಡುವಾಗಿ ಇರುತ್ತದೆ. ಆದರೆ ಸೀಟು ಅಗಲವಿಲ್ಲದಿದ್ದರೆ ಕೈ ಜಾರಿ ಕೆಳಕ್ಕೆ ಬೀಳುತ್ತದೆ. ಹೀಗಾಗಿ ಪ್ರತಿ ಗಾಡಿಯಲ್ಲೂ ಅವಳನ್ನು ಮಲಗಿಸಿ ನೋಡುವುದು. ಮಾರುವವರು ನಮ್ಮ ಮುಖ ನೋಡುತ್ತಿದ್ದ ರೀತಿಯೇ ಬೇರೆ.

ಮೊದಲನೆಯದು ನಂಜನಗೂಡಿನ ರೈಸ್ ಮಿಲ್ ಮಲ್ಲಯ್ಯನವರ ಹಳೆಯ ಹಡಗು. ‘ಡಿಕ್ಕಿ ಭಾರಿ ದೊಡ್ದು ಮೇಷ್ಟ್ರೆ’ ಎಂದರು. ‘ಹಿಂದೆ ಇರೋದಾ, ಹಿಂದೆ ಆಗಿದ್ದಾ’ ಎಂದೆ. ಪಾಪ, ಎರಡೂ ಇತ್ತು. ಸೀಟು ಮಾತ್ರ ದಿವಾನವೇ. ಏಸಿ ಗುಂಡಿ ಒತ್ತಿದರೆ ಬಿಸಿಗಾಳಿ. ‘ಏಸಿ ಕೆಲ್ಸ ಮಾಡಕಿಲ್ವಾ’ ಎಂದು ನಿಂಗರಾಜು ಕೇಳಿದ. ಮಲ್ಲಯ್ಯನವರು, ‘ಅಸಿಸ್ಟೆಂಟ್ ಕಮಿಷನರ್ ಕಚೇರಿಗೆ ಅಲೆದಿದ್ದೀಯಲ್ಲ, ಯಾವ ಏಸಿ ಕೆಲ್ಸ ಮಾಡ್ತಾನ್ಲಾ’ ಎಂದರು. ನನ್ನ ತಮಾಷೆಯ ಕಸುಬಿಗೆ ಕಲ್ಲು ಹಾಕುವವರು ಎಲ್ಲ ಕಡೆ ಇದ್ದಾರೆ.

ಎರಡನೆಯದು ಹೊಳೆಯುವ ಪೆಟ್ರೋಲ್ ಗಾಡಿ, ಮೈಸೂರಿನ ಡಾಕ್ಟರೊಬ್ಬರದು. ರುದ್ರಾಣಿ ಮಲಗಿದಳು, ಕೈ ಜಾರಿತು. ಅವಳೇ ಎದ್ದು ಕೂತು, ‘ಚೆನ್ನಾಗಿದೆ, ಆರೋಗ್ಯವಾಗಿರೋರಿಗೆ’ ಎಂದಳು. ಡಾಕ್ಟರು ನಗಲು ಹೋಗಿ ನಿಲ್ಲಿಸಿಕೊಂಡರು.

ಮೂರನೆಯದು ಬೆಳ್ಳಿ ಬಣ್ಣದ ಡೀಸೆಲ್ ಗಾಡಿ. ಒಬ್ಬ ಕಂಟ್ರಾಕ್ಟರು ಮೂರು ವರ್ಷ ಓಡಿಸಿದ್ದು. ನಾನು ಸ್ಟೀರಿಂಗ್ ಹಿಡಿದೆ, ನಿಂಗರಾಜು ಪಕ್ಕದಲ್ಲಿ, ಅವಳು ಹಿಂದೆ. ಮೈಸೂರು ದಾಟಿ ನಂಜನಗೂಡಿನ ದಾರಿ ಹಿಡಿದೆವು. ನಿಂಗರಾಜು ಕ್ಲಚ್ಚು, ಸಸ್ಪೆನ್ಷನ್ನು ಎಂದು ವಟಗುಟ್ಟುತ್ತಿದ್ದವನು ತಟ್ಟನೆ ನಿಲ್ಲಿಸಿ, ‘ಸಾ, ಅಕ್ಕೋರು ಮನಿಕಂಡವ್ರೆ’ ಎಂದು ಪಿಸುಗುಟ್ಟಿದ. ಕನ್ನಡಿಯಲ್ಲಿ ನೋಡಿದೆ. ಕೈ ಸೀಟಿನ ಮೇಲೇ ಇತ್ತು. ಅವಳು ಬಾಯಿ ತುಸು ತೆರೆದು ನಿದ್ದೆ ಹೋಗಿದ್ದಳು. ಕಾಯಿಲೆ ಶುರುವಾದ ಮೇಲೆ ಹಗಲಲ್ಲಿ ಅವಳು ಹಾಗೆ ಮಲಗಿದ್ದನ್ನು ನಾನು ನೋಡಿರಲಿಲ್ಲ ಬಸವೇಶ. ನಿಲ್ಲಿಸಿದರೆ ಎಚ್ಚರಾಗುತ್ತಾಳೆ ಎಂದು ನಂಜನಗೂಡು ದಾಟಿ, ನಿಮ್ಮ ಹೆಮ್ಮರಗಾಲದ ಕಡೆಗೇ ತಿರುಗಿಸಿ, ಊರು ಇನ್ನೊಂದಿಷ್ಟು ದೂರ ಇರುವಾಗ ಹಿಂತಿರುಗಿಸಿದೆ. ಕಂಟ್ರಾಕ್ಟರು ಗಾಡಿ ಕಳುವಾಯಿತೆಂದೇ ತಿಳಿದಿದ್ದರಂತೆ.

ಅವಳು ಎದ್ದ ಮೇಲೆ ನಿಂಗರಾಜುವನ್ನು ಕೇಳಿದಳು, ‘ಇನ್ನು ಎಷ್ಟು ಓಡ್ತದಪ್ಪ ಇದು?’

‘ಕಣ್ಮುಚ್ಕಂಡು ಎರಡು ಲಕ್ಷ ಕಿಲೋಮೀಟರು ಅಕ್ಕೋರೆ.’

ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. ನಮ್ಮ ನೂರೆಂಟನ್ನು ವಾರಕ್ಕೆ ಮೂರರಂತೆ ಗುಣಿಸಿ, ‘ಹೆಚ್ಚೂಕಮ್ಮಿ ಹನ್ನೆರಡು ವರ್ಷ. ಡಾಕ್ಟರು ಅಷ್ಟು ಹೇಳಲಿಲ್ಲವಲ್ಲ ರೀ’ ಎಂದಳು. ನಿಂಗರಾಜು ಬಗ್ಗಿ ಟೈರು ನೋಡತೊಡಗಿದ.

ಮುಂಗಡ ಕೊಟ್ಟು ಬಂದೆ. ದುಡ್ಡೆಲ್ಲಿಂದ ಎಂದು ನೀನು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಆಪರೇಷನ್ನಿಗೆಂದು ಎತ್ತಿಟ್ಟಿದ್ದೇ. ಅದನ್ನು ಮುಟ್ಟೋಣ ಎಂದವಳು ಅವಳೇ. ಅಂದರೆ ಇನ್ನು ಆಪರೇಷನ್ನಿನ ಮಾತಿಲ್ಲ ಎಂದು ಮನೆಯಲ್ಲಿ ತೀರ್ಮಾನವಾಯಿತು, ಯಾರೂ ಅದನ್ನು ಬಾಯಿಬಿಟ್ಟು ಹೇಳದೆ.

ಈಗ ನಿನ್ನ ಕಾಗದದ ವಿಷಯ. ನೆಂಟರಿಷ್ಟರ ನಡುವೆ ತಲೆಯೆತ್ತಲಾಗುತ್ತಿಲ್ಲ, ಗೌರಿಹಬ್ಬಕ್ಕೆ ಬಾಗಿನ ತರಲೂ ಮುಖವಿಲ್ಲದೆ ಕಂಡಕ್ಟರ ಕೈಲಿ ಕಳಿಸಿದೆ ಎಂದು ಬರೆದಿದ್ದೀಯ. ಬಾಗಿನ ತಲುಪಿತು. ಮೊರದ ಮೇಲಿನ ಕುಪ್ಪಸದ ಬಟ್ಟೆಯನ್ನು ನಿನ್ನಕ್ಕ ಹೊಲಿಸಿಕೊಂಡಿದ್ದಾಳೆ, ಎಡತೋಳು ಸಡಿಲ ಇಡಿಸಿ. ಇವತ್ತು ಅದನ್ನೇ ತೊಟ್ಟು ಬಂದಿದ್ದಾಳೆ.

ಅವಳಿಗೆ ನಿನ್ನ ಮೇಲೆ ಸಿಟ್ಟಿಲ್ಲ. ‘ಹೆದರ್ಕೊಂಡ ಅವನು. ಎರಡು ಹೆಣ್ಮಕ್ಕಳ ತಂದೆ. ನಯನನೂ ಅತ್ತಿರ್ತಾಳೆ. ಹೆದರ್ಕೊಂಡೋನ್ನ ಎಷ್ಟು ದಿನ ಅಂತ ಬಯ್ಯೋದು’ ಅನ್ನುತ್ತಾಳೆ. ಬೈದವರು ನಾವು. ಈಗ ಕೂತು ಯೋಚಿಸಿದರೆ ನಮ್ಮ ಜನರ ವರಸೆಯೇ ವಿಚಿತ್ರ ಅನ್ನಿಸುತ್ತದೆ. ಮೊದಲ ಬಾಣಂತನ ತವರಿನದು, ಬಾಗಿನ ತವರಿನದು, ಸೋದರಮಾವನ ಉಡುಗೊರೆ ತವರಿನದು. ಕಾಯಿಲೆ ಗೊತ್ತಾದ ವಾರ ನಮ್ಮ ಜಗಲಿಯಲ್ಲಿ ಸೇರಿದ ಹಿರಿಯರೆಲ್ಲ ಒಟ್ಟಿಗೆ ಹೆಮ್ಮರಗಾಲದ ಕಡೆಗೆ ತಿರುಗಿದರು, ಇದೂ ತವರಿನ ಬಾಬ್ತು ಎಂಬಂತೆ. ‘ಕೇಳೋದೇನು, ಒಡಹುಟ್ಟಿದೋನು ಕೊಡ್ತಾನೆ’ ಎಂದರು. ನಿನ್ನನ್ನು ಯಾರೂ ಕೇಳಲೇ ಇಲ್ಲ, ನಿನಗೆ ತಿಳಿಸಿದರು. ನೀನೂ ಹೂಂ ಅಂದೆ. ಹೂಂ ಅನ್ನದೆ ಬೇರೆ ದಾರಿಯಿತ್ತೇ?

ಮೇ ತಿಂಗಳ ಮೂಗೂರಿನ ಮದುವೆ. ಅದನ್ನು ನೀನು ಕಾಗದದಲ್ಲಿ ಎತ್ತಿಲ್ಲ, ಅದು ನಿನ್ನ ದೊಡ್ಡತನ. ಬಡಿಸುವವನು ನಿನ್ನೆಲೆಯ ಮುಂದೆ ನಿಂತು, ‘ಇನ್ನೊಂದ್ ಒಬ್ಬಟ್ಟು ಬಿಡ್ಲಾ ಬಸವೇಶಣ್ಣ’ ಎಂದ. ನೀನು ಬೇಡವೆಂದು ಕೈ ಅಡ್ಡ ಹಿಡಿದೆ. ಎದುರು ಪಂಕ್ತಿಯಿಂದ ನಾನು, ‘ಹಾಕಯ್ಯ, ಅವನು ಒಂದರಲ್ಲಿ ಬದುಕೋ ಆಸಾಮಿಯಲ್ಲ, ಎರಡೂ ಇರಲೇಬೇಕು’ ಎಂದೆ. ಪಂಕ್ತಿಯೆಲ್ಲ ನಕ್ಕಿತು. ಆ ಜಗಲಿಯ ಹಿರಿಯರಲ್ಲೊಬ್ಬರಾದ ಗುರುಮಲ್ಲಪ್ಪ ಮಾವನವರಿಗೆ ನಗುವಿನಲ್ಲಿ ಕೆಮ್ಮು ಹತ್ತಿತು. ನೀನು ಮಜ್ಜಿಗೆಯನ್ನ ಬರುವ ಮುಂಚೆಯೇ ಎದ್ದು ಕೈತೊಳೆದೆ. ರುದ್ರಾಣಿ ಆವತ್ತು ಇಲ್ಲಿ ಯಂತ್ರದ ಮೇಲಿದ್ದಳು. ಆಮೇಲೆ ಯಾರೋ ಹೇಳಿದರು. ಎರಡು ದಿನ ನನಗೆ ಊಟ ಬಡಿಸಿದಳೇ ಹೊರತು ಮಾತಾಡಲಿಲ್ಲ. ಮೂರನೇ ದಿನ, ‘ನೀವು ಹೊಟ್ಟೆ ತುಂಬ ಉಂಡ್ರಾ ಅಲ್ಲಿ’ ಎಂದು ಕೇಳಿದಳು. ಉಂಡಿದ್ದೆ.

ಆ ಮಾತಿಗೆ ನಿನ್ನ ಕ್ಷಮೆ ಕೇಳುತ್ತೇನೆ. ಹಿರಿಯನಾಗಿ ಅಲ್ಲ, ಸುಮ್ಮನೆ ಕೇಳುತ್ತೇನೆ.

ಭಾನುವಾರ ಗಾಡಿ ಕೈಗೆ ಬರುತ್ತದೆ. ಸೋಮವಾರ ಕಾರ್ತಿಕ ಸೋಮವಾರ, ನಂಜನಗೂಡಿನ ಗುಡಿಯ ಮುಂದೆ ಪೂಜೆ. ನಿಂಬೆಹಣ್ಣು ಅಲ್ಲೇ ಸಿಗುತ್ತದೆ, ನೀನು ಏನೂ ತರಬೇಡ. ಬಾ. ನಯನಳನ್ನೂ ಮಕ್ಕಳನ್ನೂ ಕರೆದುಕೊಂಡು ಬಾ. ‘ಮುಂದಿನ ಸೀಟಿನಲ್ಲಿ ಮೊದಲು ಬಸವೇಶನೇ ಕೂರಬೇಕು, ನಾನು ಹಿಂದಿನಿಂದ ಅವನ ತಲೆ ನೋಡ್ಬೇಕು, ನೆರೆತಿದೆಯೋ ಏನೋ’ ಎಂದು ನಿನ್ನಕ್ಕ ಹೇಳಿಕಳಿಸಿದ್ದಾಳೆ. ನೀನು ಬರದಿದ್ದರೆ ಅವಳು ಏನೂ ಅನ್ನುವುದಿಲ್ಲ. ಅದಕ್ಕಾದರೂ ಬಾ.

ಮಕ್ಕಳು ಚೆನ್ನಾಗಿ ಓದಲಿ. ನಯನಳ ಕಣ್ಣೀರು ನಿಲ್ಲಲಿ. ನಿನ್ನ ಮೈಯಲ್ಲಿರುವುದೆಲ್ಲ ನಿನ್ನಲ್ಲೇ ಇದ್ದು, ನೂರು ವರ್ಷ ಗಟ್ಟಿಯಾಗಿ ಕೆಲಸ ಮಾಡಲಿ. ಇದು ಹಾಸ್ಯವಲ್ಲ, ಆಶೀರ್ವಾದವೇ.

ನಿನ್ನ ಭಾವ,
ಗುರುಪ್ರಸಾದ್

ತಾ. ಕ. : ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ.

ಕಾಯಿಲೆ ಗೊತ್ತಾದ ದಿನ ಡಾಕ್ಟರು ಮೊದಲು ಕೇಳಿದ್ದು ನನ್ನನ್ನು. ರುದ್ರಾಣಿಯನ್ನು ಹೊರಗೆ ಕೂರಿಸಿ, ‘ಗಂಡ ಕೂಡ ಕೊಡಬಹುದು, ನಿಮ್ಮ ರಕ್ತ ಯಾವ ಗುಂಪು’ ಎಂದರು. ‘ಎ’ ಎಂದೆ. ರುದ್ರಾಣಿಯದು ಬಿ, ಹಾಗಾದರೆ ಆಗುವುದಿಲ್ಲ ಎಂದು ಬರೆದುಕೊಂಡರು. ನನ್ನದು ಎ ಅಲ್ಲ ಬಸವೇಶ, ಓ. ಯಾರಿಗೆ ಬೇಕಾದರೂ ಕೊಡಬಹುದಾದದ್ದು. ಕಾಲೇಜಿನ ರಕ್ತದಾನ ಶಿಬಿರದಲ್ಲಿ ನಾಲ್ಕು ಸಲ ಕೊಟ್ಟಿದ್ದೇನೆ, ಚೀಟಿ ನನ್ನ ಬೀರುವಿನಲ್ಲಿದೆ. ಸುಳ್ಳು ಹೇಳಬೇಕೆಂದು ಮೊದಲೇ ಯೋಚಿಸಿರಲಿಲ್ಲ. ಅವರು ಹೊಟ್ಟೆಯ ಪಕ್ಕ, ಎಲ್ಲಿ ಕೊಯ್ಯುತ್ತಾರೋ ಅಲ್ಲಿ, ಪೆನ್ನಿನಿಂದ ಗೆರೆ ಎಳೆದ ಹಾಗೆ ತೋರಿಸಿದರು. ಬಾಯಿ ತಾನಾಗಿ ಆಡಿತು. ಮನೆಗೆ ಬಂದು ನನ್ನದು ಹೊಂದುವುದಿಲ್ಲವಂತೆ ಎಂದೆ. ಎರಡನೇ ಸಲ ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೇನೋ. ಎಲ್ಲರೂ ನಿನ್ನನ್ನೇ ನೋಡುತ್ತಿದ್ದರು.

ನೀನು ಬಸ್ ಸ್ಟ್ಯಾಂಡಿನವರೆಗಾದರೂ ಬಂದೆ.

ಇದನ್ನು ಅಕ್ಕನಿಗೆ ತೋರಿಸಬೇಡ ಎಂದು ಬರೆಯಲು ಪೆನ್ನು ಹೊರಟಿತು. ಬರೆಯುವುದಿಲ್ಲ. ತೋರಿಸುವುದೋ ಬಿಡುವುದೋ ನಿನ್ನಿಷ್ಟ, ಆ ಹಕ್ಕು ನಿನಗಿದೆ. ನಾನಾಗಿ ಹೇಳಬೇಕೆಂದು ಎಷ್ಟು ಸಲ ಬಾಯಿ ತೆರೆದೆನೋ, ಅಷ್ಟು ಸಲವೂ ಏನಾದರೊಂದು ತಮಾಷೆಯೇ ಹೊರಬಿತ್ತು.

ನಾಲ್ಕು ಗಂಟೆ ಮುಗಿದಿರಬೇಕು. ನರ್ಸು ಬಾಗಿಲಿಗೆ ಬಂದು, ‘ರುದ್ರಾಣಿ ಕಡೆಯವರು ಯಾರು’ ಎಂದು ಕೂಗುತ್ತಿದ್ದಾಳೆ. ಬೆಂಚಿನ ಮೇಲೆ ನಾನೊಬ್ಬನೇ ಇದ್ದೇನೆ. ಕೈಯೆತ್ತಬೇಕು.